ಶಿವನ ಕೋಪವೂ ನನ್ನ ಮೋಟಾರೂ

ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ನನಗೆ ಮೂವತ್ತೊಂಬತ್ತು ವರ್ಷ. ಕನ್ನಡ ಪರೀಕ್ಷೆ ದಿನ ಹಾಲ್‌ನಲ್ಲಿ ನೀರು ಕುಡಿದು ಬರ್ತಿದ್ದೆ, ಪಕ್ಕದ ಬೆಂಚಿನ ಹುಡುಗಿ ನನ್ನ ನೋಡಿ ಎದ್ದು ನಿಂತು, "ಸಾರ್, ಎಕ್ಸ್‌ಟ್ರಾ ಶೀಟ್ ಕೊಡಿ" ಅಂದ್ಲು. ನಾನೂ ನಿನ್ನ ಹಾಗೆ ಬರೆಯೋಕೆ ಬಂದವನಮ್ಮ ಅನ್ನೋಕೆ ನಾಚಿಕೆಯಾಯ್ತು. ಹೋಗಿ ಮೇಲ್ವಿಚಾರಕರ ಹತ್ರ ಒಂದು ಶೀಟ್ ಇಸ್ಕೊಂಡು ಬಂದು ಅವಳಿಗೆ ಕೊಟ್ಟು, ನನ್ನ ಜಾಗದಲ್ಲಿ ಕೂತು ಮತ್ತೆ ಬರೆಯೋಕೆ ಶುರು ಮಾಡ್ದೆ. ಆ ಹುಡುಗಿ ಪರೀಕ್ಷೆ ಮುಗಿಯೋ ತನಕ ನನ್ನ ಕಡೆ ತಿರುಗಿ ನೋಡ್ಲಿಲ್ಲ.

ಇದನ್ನ ಮೊದಲೇ ಯಾಕೆ ಹೇಳ್ತಿದೀನಿ ಅಂದ್ರೆ, ತಡವಾಗಿ ಓದಿದವನಿಗೆ ಓದು ತಲೆಗೇರೋ ರೀತಿ ಬೇರೆ. ಹುಡುಗರು ಕಲಿತಿದ್ದನ್ನ ಪರೀಕ್ಷೆ ಮುಗಿದ ಮಧ್ಯಾಹ್ನವೇ ಮರೀತಾರೆ. ನಾನು ಮರೀಲಿಲ್ಲ. ಮರೆತಿದ್ರೆ ನಮ್ಮಕ್ಕ ಒಂಬತ್ತು ದಿನ ಊಟ ಬಿಡ್ತಿರ್ಲಿಲ್ಲ.

ಕಡೂರಲ್ಲಿ ನಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಒಳಗೆ ಸುಟ್ಟುಹೋದ ಮೋಟಾರನ್ನ ಮೇಲೆತ್ತಿ ತರ್ತಾರೆ. ನಾನು ಅದನ್ನ ಬಿಚ್ಚಿ, ಸುಟ್ಟ ತಂತಿ ಕಿತ್ತು, ಹೊಸ ತಂತಿ ಸುತ್ತಿ ಕೊಡ್ತೀನಿ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟು ಈ ಕೆಲಸಕ್ಕೆ ಸೇರಿದವನು. ನನ್ನ ಮಗಳು ಆರನೇ ಕ್ಲಾಸಿಗೆ ಹೋದ ದಿನ ಮನೇಲಿ ಎಲ್ಲರಿಗಿಂತ ಕಮ್ಮಿ ಓದಿದವನು ನಾನೇ ಅಂತಾಯ್ತು. ಅವತ್ತೇ ಹೋಗಿ, ಸಂಜೆ ಹೊತ್ತು ಪಾಠ ಹೇಳ್ತಿದ್ದ ರಿಟೈರ್ಡ್ ಕನ್ನಡ ಮೇಷ್ಟ್ರ ಮನೆ ಜಗುಲಿ ಮೇಲೆ ಕೂತೆ.

ಗಣಿತ, ಇಂಗ್ಲಿಷು ಎಲ್ಲ ಹೇಗೋ ದಾಟಿತು. ನನ್ನ ಹಿಡ್ಕೊಂಡಿದ್ದು ಅಲಂಕಾರ. ಉಪಮೆಗೆ ನಾಲ್ಕು ಅಂಗ ಅಂತ ಮೇಷ್ಟ್ರು ಹೇಳಿದ್ರು: ಉಪಮೇಯ, ಉಪಮಾನ, ವಾಚಕ ಪದ, ಸಮಾನ ಧರ್ಮ. ನನಗೆ ತಕ್ಷಣ ಕಂಡಿದ್ದು ಸ್ಟಾರ್ಟರು, ಕೇಬಲ್ಲು, ಮೋಟಾರು, ಪೈಪು. ನಾಲ್ಕರಲ್ಲಿ ಒಂದು ಇಲ್ಲದಿದ್ರೂ ನೀರು ಬರಲ್ಲ. ಮೇಷ್ಟ್ರಿಗೆ ಹಾಗಂತ ಹೇಳ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ನೀನು ಬುದ್ಧಿವಂತ ಕಣಯ್ಯ" ಅಂದ್ರು. ಆಮೇಲಿನದ್ದಕ್ಕೆಲ್ಲ ಈ ಒಂದು ಮಾತೇ ಕಾರಣ ಅಂತ ಈಗ ಅನ್ಸುತ್ತೆ. ನನಗೆ ಅದಕ್ಕೆ ಮೊದಲು ಯಾರೂ ಹಂಗಂದಿರ್ಲಿಲ್ಲ.

ಅವತ್ತಿಂದ ನಾನು ನೆಟ್ಟಗೆ ಮಾತಾಡೋದು ಬಿಟ್ಟೆ. ಊಟಕ್ಕೆ ಕೂತು ಹೆಂಡತಿಗೆ, "ನಿನ್ನ ಸಾರು ನೋಡಿದ್ರೆ ಶ್ರಾವಣದ ಮೋಡದ ನೆನಪಾಗುತ್ತೆ" ಅಂದೆ. ಅವಳು ತಟ್ಟೆಗೆ ಮುದ್ದೆ ಹಾಕ್ತಾ, "ನೀರಾಗೈತೆ ಅಂತ ನೇರವಾಗೇ ಹೇಳ್ರೀ" ಅಂದ್ಲು. ಮಗಳು ಎದ್ದು ಹೋಗಿ ಉಪ್ಪಿನಕಾಯಿ ತಂದುಕೊಂಡ್ಲು.

ಅಜ್ಜಂಪುರದ ಹತ್ರ ನಮ್ಮ ಮನೆತನ ನಡ್ಕೊಳ್ಳೋ ಒಂದು ಸಣ್ಣ ಮಠ ಇದೆ. ಶ್ರಾವಣದ ಸೋಮವಾರ ಸಂಜೆ ಅಲ್ಲಿ ಪ್ರವಚನ. ನಾನೂ ಹೆಂಡತಿಯೂ ಅಂಗಡಿ ಬಾಗಿಲು ಬೇಗ ಹಾಕಿ ಬೈಕಲ್ಲಿ ಹೋಗ್ತೀವಿ. ನಮ್ಮಕ್ಕನ್ನ ಅಮೃತಾಪುರದ ಹತ್ರದ ಊರಿಗೆ ಕೊಟ್ಟಿರೋದು. ಅವಳು ತರೀಕೆರೆಗೆ ಬಂದು ಬಸ್ಸು ಬದಲಾಯಿಸಿಕೊಂಡು ಬರ್ತಾಳೆ. ಹೆಂಗಸರ ಕಡೆ ಮುಂದಿನ ಸಾಲಲ್ಲೇ ಅವಳ ಜಾಗ.

ಸ್ವಾಮಿಗಳಿಗೆ ವಯಸ್ಸಾಗಿದೆ. ನಮ್ಮ ಕಡೆ ಅವರನ್ನ ಬುದ್ಯೋರು ಅಂತೀವಿ. ಅವರು ಶಿವನ ಕೋಪದ ಬಗ್ಗೆ ಮಾತಾಡಿದ್ರೆ ಯಾರಿಗೂ ಹೆದರಿಕೆ ಆಗ್ತಿರ್ಲಿಲ್ಲ. ಶಿವನ ಕೋಪ ಹಾಲುಕ್ಕಿದ ಹಾಗೆ, ಒಂದು ಬೊಗಸೆ ನೀರು ಚಿಮುಕಿಸಿದ್ರೆ ಇಳೀತದೆ ಅಂತಿದ್ರು. ಕರು ಕೆಚ್ಚಲಿಗೆ ಜೋರಾಗಿ ಗುದ್ದಿದ್ರೆ ಹಸು ಒಂದ್ಸಲ ಒದೀತದೆ, ಆದ್ರೆ ಹಾಲು ನಿಲ್ಸಲ್ಲ ಅಂತಿದ್ರು. ಎಮ್ಮೆದೊಡ್ಡಿ ಕಾವಲಲ್ಲಿ ಮೇಯೋ ಹಸು ಹೊಸಬರು ಹತ್ರ ಹೋದ್ರೆ ಕೊಂಬು ಬೀಸ್ತದೆ, ತನ್ನ ಕರು ಮೈ ನೆಕ್ತದೆ, ಎರಡೂ ಒಂದೇ ತಲೇಲಿ ಮಾಡ್ತದೆ ಅಂತಿದ್ರು. ಜನ ಹೂಂಗುಟ್ಟಿಕೊಂಡು ಕೇಳಿ, ಪ್ರಸಾದ ತಿಂದು, ಬಸ್ಸಿಗೆ ಓಡ್ತಿದ್ರು.

ನಾನು ನೋಟ್‌ಬುಕ್ ಇಟ್ಕೊಂಡು ಕೂರ್ತಿದ್ದೆ. ಬುದ್ಯೋರ ಒಂದೊಂದು ಹೋಲಿಕೇನೂ ಬರ್ಕೊಂಡು, ಮುಂದೆ ಕೆಂಪು ಪೆನ್ನಲ್ಲಿ ನಂಬರ್ ಕೊಡ್ತಿದ್ದೆ. ಹಾಲಿಗೆ ಹತ್ತಕ್ಕೆ ಆರು. ಕೆಚ್ಚಲಿಗೆ ಏಳು. ಕಾವಲಿನ ಹಸುಗೆ ಎಂಟು ಕೊಟ್ಟು, ಕೊಂಬು ನೆಕ್ಕು ಎರಡೂ ಬಂದು ಸಮಾನ ಧರ್ಮ ಕೈತಪ್ಪಿದೆ ಅಂತ ಒಂದು ಕಳೆದೆ. ಮೂವತ್ತೊಂಬತ್ತು ವರ್ಷಕ್ಕೆ ಪಾಸಾದವನು ಎಪ್ಪತ್ತು ದಾಟಿದ ಗುರುಗಳಿಗೆ ನಂಬರ್ ಕೊಡ್ತಿದ್ದ ಅಂತ ಬರೆಯೋಕೂ ನಾಚಿಕೆಯಾಗುತ್ತೆ. ನಾನು ಒಂದೇ ಬೆರಳಲ್ಲಿ ಟೈಪ್ ಮಾಡೋನು. ಒಂದೊಂದು ಅಕ್ಷರಕ್ಕೂ ಒಂದೊಂದ್ಸಲ ನಾಚ್ಕೋತಾ ಇದೀನಿ.

ನನ್ನ ತಕರಾರು ಏನಂದ್ರೆ, ಬುದ್ಯೋರ ಹೋಲಿಕೇಲಿ ಬಿಸಿ ಇಲ್ಲ. ಈ ಕಾಲದವರಿಗೆ ಹಾಲು, ಹಸು ತಟ್ಟಲ್ಲ. ಇದನ್ನ ನಾನು ಮಠದ ಕಮಿಟಿಯವರ ಹತ್ರ ಒಂದೆರಡು ಸಲ ಅಂದಿದ್ದೆ, ಟೀ ಕುಡೀತಾ.

ಆ ವರ್ಷ ಎರಡನೇ ಸೋಮವಾರಕ್ಕೆ ವಿಷಯ "ಶಿವನ ಕೋಪ" ಅಂತ ಕರಪತ್ರದಲ್ಲಿ ಅಚ್ಚಾಗಿ ಹೋಗಿತ್ತು. ಮೂರು ದಿನ ಮುಂಚೆ ಬುದ್ಯೋರಿಗೆ ಗಂಟಲು ಕಟ್ಟಿತು. ಶಿವಮೊಗ್ಗದ ಡಾಕ್ಟ್ರು ಮಾತಾಡ್ಲೇಬಾರದು ಅಂದ್ರಂತೆ. ಕಮಿಟಿಯವರು ಅಂಗಡಿಗೆ ಫೋನ್ ಮಾಡಿ, "ನೀನೇ ನಾಲ್ಕು ಮಾತು ಆಡಪ್ಪ, ಓದಿಕೊಂಡಿದೀಯ" ಅಂದ್ರು. ನಾನು ಒಂದ್ಸಲ ಬೇಡ ಅನ್ನಬೇಕಿತ್ತು, ಮರ್ಯಾದೆಗೆ. ಅದೂ ಅನ್ನಲಿಲ್ಲ.

ಮೂರು ದಿನ ಯಾವ ಮೋಟಾರೂ ಮುಟ್ಟಲಿಲ್ಲ. ಬಿಚ್ಚಿಟ್ಟ ಮೋಟಾರುಗಳ ಮಧ್ಯೆ ಓಡಾಡ್ತಾ ಭಾಷಣ ಕಲಿತೆ. ಹೆಂಡತಿ ಬುತ್ತಿ ತಂದವಳು ಬಾಗಿಲಲ್ಲಿ ನಿಂತು ಕೇಳಿಸ್ಕೊಂಡು, "ಯಾರಿಗ್ರೀ ಬೈತಿರೋದು" ಅಂದ್ಲು.

"ಬೈತಾ ಇಲ್ಲ. ಶಿವನ ಕೋಪ ವಿವರಿಸ್ತಾ ಇದೀನಿ."

"ಶಿವನಿಗೂ ನಿಮ್ಮ ಥರಾನೇ ಮೂಗು ಕೆಂಪಾಗುತ್ತಾ," ಅಂತ ಬುತ್ತಿ ಇಟ್ಟು ಹೋದ್ಲು.

ಸೋಮವಾರ ಬಂತು. ಮೈಕು ಕೈಗೆ ಬಂತು. ನಾನು ಹೇಳಿದ್ದು ಇಷ್ಟು.

ತ್ರೀ ಫೇಸ್ ಮೋಟಾರಿಗೆ ಮೂರು ತಂತೀಲಿ ಕರೆಂಟ್ ಬರಬೇಕು. ಓಡ್ತಾ ಇದ್ದಾಗ ಒಂದು ತಂತೀಲಿ ನಿಂತುಹೋದ್ರೂ ಮೋಟಾರು ನಿಲ್ಲಲ್ಲ, ಎರಡರ ಮೇಲೇ ಓಡುತ್ತೆ. ನೀರೂ ಬರುತ್ತೆ. ತೋಟದವನು ಬದು ಮೇಲೆ ನಿಂತು ನೀರು ನೋಡಿ ಎಲ್ಲ ಸರಿಯಾಗಿದೆ ಅಂದ್ಕೋತಾನೆ. ಆದ್ರೆ ಮೂವರು ಹೊರೋ ಭಾರ ಇಬ್ಬರು ಹೊತ್ತ ಹಾಗೆ, ಭೂಮಿ ಒಳಗೆ ಐನೂರಡಿ ಆಳದಲ್ಲಿ ತಂತಿ ಮೇಲಿನ ಪೊರೆ ಕರಗ್ತಾ ಇರುತ್ತೆ. ಹೊಗೆ ಕಾಣಲ್ಲ, ವಾಸನೆ ಬರಲ್ಲ. ಒಂದು ದಿನ ಸ್ವಿಚ್ ಒತ್ತಿದ್ರೆ ಏನೂ ಇಲ್ಲ. ಶಿವನ ಕೋಪ ಗುಡುಗು ಸಿಡಿಲಲ್ಲ, ತಂದೆತಾಯಿಗಳೇ, ಅದು ಹೀಗೆ. ತಪ್ಪು ಮಾಡಿ ಮುಚ್ಚಿಟ್ಟುಕೊಂಡವರ ಒಳಗೆ ಅದು ಆಗಲೇ ಶುರುವಾಗಿದೆ. ಅವರು ಉಣ್ತಾರೆ, ಉಡ್ತಾರೆ, ಹಣೆಗೆ ವಿಭೂತಿ ಇಡ್ತಾರೆ. ಸುಡೋ ಮೋಟಾರಿನ ಮೇಲೆ ಹೊಸ ಪೇಂಟು ಹೊಡೆದ ಹಾಗೆ. ಒಳಗೆ ಪೊರೆ ಕರಗ್ತಾ ಇದೆ.

ಗಂಡಸರ ಕಡೆ ಎಲ್ಲರಿಗೂ ತಮ್ಮ ತಮ್ಮ ಬೋರ್‌ವೆಲ್ ನೆನಪಾಗಿತ್ತು ಅಂತ ಆಮೇಲೆ ಗೊತ್ತಾಯ್ತು. ನಾನು ಮಾತ್ರ ಅಕ್ಕನ ಮುಖ ನೋಡ್ತಿದ್ದೆ. ಚಿಕ್ಕವನಿದ್ದಾಗಿಂದ ನಾಲ್ಕು ಜನರ ಮುಂದೆ ಬಾಯಿ ಬಿಡಬೇಕಾದ್ರೆ ನಾನು ಅವಳ ಮುಖಾನೇ ನೋಡೋದು. ಅವಳು ಸೆರಗು ಎಳ್ಕೊಂಡು ಕತ್ತು ಮುಚ್ಚಿಕೊಂಡ್ಲು. ಕಣ್ಣಲ್ಲಿ ನೀರು. ಮನಸ್ಸಿಗೆ ತಟ್ಟಿತು ಅಂದ್ಕೊಂಡೆ. ಖುಷಿಗೆ ಆ ಪೊರೆ ಕರಗೋ ಮಾತನ್ನ ಇನ್ನೊಂದ್ಸಲ ಹೇಳ್ದೆ, ಅವಳನ್ನೇ ನೋಡ್ಕೊಂಡು, ನಿಧಾನವಾಗಿ.

ಆ ದಿನದ ನೋಟ್‌ಬುಕ್ಕಲ್ಲಿ ನಾನು ನನಗೆ ಕೊಟ್ಕೊಂಡ ನಂಬರು ಒಂಬತ್ತೂವರೆ.

ಮುಂದಿನ ಸೋಮವಾರ ತರೀಕೆರೆಯಿಂದ ಒಬ್ಬರು ಲೆಕ್ಚರರ್ ಬಂದು ಮಾತಾಡಿದ್ರು. ನನ್ನನ್ನೇ ಮತ್ತೆ ಕರೀತಾರೆ ಅಂತ ಇಸ್ತ್ರಿ ಶರಟು ಹಾಕ್ಕೊಂಡು ಹೋಗಿದ್ದೆ, ಕರೀಲಿಲ್ಲ. ಆ ಬೇಜಾರಲ್ಲಿ ಮುಂದಿನ ಸಾಲಲ್ಲಿ ಅಕ್ಕ ಇಲ್ಲ ಅನ್ನೋದೇ ನನಗೆ ಕಾಣಲಿಲ್ಲ.

ಮಾರನೇ ದಿನ ಮಂಗಳವಾರ ನಮ್ಮ ಭಾವ ಕೆಟ್ಟ ಸ್ಟಾರ್ಟರ್ ಒಂದನ್ನ ಚೀಲದಲ್ಲಿ ಹಾಕ್ಕೊಂಡು ಅಂಗಡಿಗೆ ಬಂದ್ರು. ಅಕ್ಕನ ಗಂಡ ಮಾತು ಕಮ್ಮಿ ಆಡೋ ಮನುಷ್ಯ. ತೆಂಗಿನತೋಟ, ಹೊಲ, ಎರಡೆತ್ತು, ಅಷ್ಟೇ ಅವರ ಲೋಕ. ಸ್ಟಾರ್ಟರ್ ಟೇಬಲ್ ಮೇಲಿಟ್ಟು, ಅದನ್ನೇ ನೋಡ್ತಾ, "ನಿಮ್ಮಕ್ಕ ಊಟ ಬಿಟ್ಟವಳೆ" ಅಂದ್ರು.

"ವ್ರತಾನಾ ಭಾವ?"

"ಗೊತ್ತಿಲ್ಲ ಕಣಪ್ಪ. ಮಠದಿಂದ ಬಂದಾಗಿಂದ ಒಂದು ಲೋಟ ಹಾಲು, ಒಂದು ಬಾಳೆಹಣ್ಣು. ಕೇಳಿದ್ರೆ ಏನೂ ಇಲ್ಲ ಅಂತಾಳೆ. ಬಿಪಿ ಮಾತ್ರೆ ಬರೀ ಹೊಟ್ಟೇಲಿ ನುಂಗಿ ನಿನ್ನೆ ನಲ್ಲಿ ಹತ್ರ ಬಿದ್ಲು." ಸ್ಟಾರ್ಟರನ್ನ ನನ್ನ ಕಡೆ ತಳ್ಳಿ, "ಏನ್ ಹೇಳ್ದೆ ನೀನು ಅವತ್ತು" ಅಂದ್ರು.

ನಾನು ಅವರನ್ನೇ ಬೈಕ್ ಹಿಂದೆ ಕೂರಿಸ್ಕೊಂಡು ಹೊರಟೆ. ದಾರೀಲಿ, ನನ್ನ ಮಾತಿಗೆ ಎಷ್ಟು ಶಕ್ತಿ ಇದೆ ನೋಡು ಅಂತ ಒಂದ್ಸಲ ಮನಸ್ಸಿಗೆ ಬಂದಿದ್ದೂ ನಿಜ. ಬೀರೂರು ದಾಟೋಷ್ಟರಲ್ಲಿ ಅದು ಹೋಗಿ ಹೆದರಿಕೆ ಬಂತು.

ಅಕ್ಕ ಹಿತ್ತಲಲ್ಲಿ ಗೋಡೆಗೆ ಒರಗಿ ಅಲಸಂದೆಕಾಯಿ ಸುಲೀತಾ ಕೂತಿದ್ಲು. ಕೆನ್ನೆ ಒಳಗೆ ಹೋಗಿತ್ತು. ನನ್ನ ನೋಡಿ ಏಳಲಿಲ್ಲ. ಭಾವ ಕೊಟ್ಟಿಗೆ ಕಡೆ ಹೋದ್ರು.

"ಏನಕ್ಕ, ಊಟ ಬಿಟ್ಟಿದೀಯಂತೆ."

"ನಿಂಗೊತ್ತಿಲ್ವಾ."

"ಗೊತ್ತಿದ್ರೆ ಕೇಳ್ತಿದ್ನಾ?"

"ಗೊತ್ತಿಲ್ದೇನೇ ಅಷ್ಟು ಜನದ ಮಧ್ಯೆ ನನ್ನ ಮುಖಾನೇ ನೋಡ್ಕೊಂಡು ಹೇಳ್ದಾ? ಎರಡು ಸಲ ಹೇಳ್ದೆ ಕಣೋ."

ಆಮೇಲೆ ಸೆರಗು ಸರಿಸಿ, ಕತ್ತಲ್ಲಿದ್ದ ಬೆಳ್ಳಿ ಕರಡಿಗೆ ತೆಗೆದು ನನ್ನ ಕೈಲಿಟ್ಲು. ನಮ್ಮ ಜನ ಲಿಂಗ ಇಟ್ಟುಕೊಂಡು ಎದೆ ಮೇಲೆ ಧರಿಸೋ ಸಣ್ಣ ಡಬ್ಬಿ ಅದು. ಹಗುರವಾಗಿತ್ತು. ಮುಚ್ಚಳ ತೆಗೆದೆ. ಒಳಗೆ ಹತ್ತಿಬಟ್ಟೆ ಚೂರು ಬಿಟ್ರೆ ಏನೂ ಇಲ್ಲ.

ನಮ್ಮಲ್ಲಿ ಗುರುಗಳು ಕೊಟ್ಟ ಲಿಂಗಾನ ಸಾಯೋ ತನಕ ಮೈಮೇಲಿಂದ ಅಗಲಿಸಬಾರದು. ದಿನಾ ಬೆಳಗ್ಗೆ ಅದನ್ನ ಎಡಗೈ ಅಂಗೈ ಮೇಲಿಟ್ಟು ಪೂಜೆ ಮಾಡದೆ ಒಂದು ತುತ್ತೂ ತಿನ್ನಬಾರದು. ಕಳ್ಕೊಂಡ್ರೆ ಅದಕ್ಕಿಂತ ಸಾಯೋದು ಮೇಲು ಅಂತ ನಮ್ಮಜ್ಜಿ ಕಾಲದವರು ಅಂತಿದ್ರು. ಅಕ್ಕ ಆ ಅಜ್ಜಿ ಕೈಲಿ ಬೆಳೆದವಳು.

ಎರಡು ತಿಂಗಳ ಹಿಂದೆ ತರೀಕೆರೇಲಿ ನೆಂಟರ ಮನೆ ಗೃಹಪ್ರವೇಶ. ಅಲ್ಲೇ ಒಂದು ಮೂಲೇಲಿ ಕೂತು ಪೂಜೆ ಮಾಡಿದಾಳೆ. ಅಷ್ಟರಲ್ಲಿ ಯಾರೋ ಆರತಿಗೆ ಕರೆದಿದಾರೆ. ಗಡಿಬಿಡೀಲಿ ಬಟ್ಟೆ ಮಾತ್ರ ಕರಡಿಗೇಲಿಟ್ಟು ಮುಚ್ಚಿದಾಳೆ. ಊರಿಗೆ ಬಂದು ಬೆಳಗ್ಗೆ ನೋಡಿದ್ರೆ ಖಾಲಿ. ಫೋನ್ ಮಾಡಿ ಕೇಳಬೇಕು. ಆದ್ರೆ ಲಿಂಗ ಕಳ್ಕೊಂಡೆ ಅಂತ ಹೇಳೋಕೆ ಬಾಯಿ ಬರಲಿಲ್ಲ. ಓಲೆ ಕಳೆದೋಗಿದೆ, ನೋಡಿ ಅಂದ್ಲಂತೆ. ಆ ಮನೆಯವರು ಒಳ್ಳೆಯವರು. ಎರಡು ದಿನ ಚಾಪೆ, ಹಾಸಿಗೆ ಎಲ್ಲ ಕೊಡವಿ ಓಲೆ ಹುಡುಕಿದ್ರು.

"ಲಿಂಗ ಕಣ್ಣಿಗೆ ಬಿದ್ದಿದ್ರೂ ಅದಲ್ಲ ಅಂತ ಆ ಕಡೆ ಇಟ್ಟಿರ್ತಾರೆ ಕಣೋ," ಅಂದ್ಲು ಅಕ್ಕ.

ಅಲ್ಲಿಂದ ಎರಡು ತಿಂಗಳು ದೇವರ ಕೋಣೆ ಬಾಗಿಲು ಹಾಕ್ಕೊಂಡು, ಬರೀ ಅಂಗೈ ಮೇಲೆ ನೀರು ಹಾಕಿ, ವಿಭೂತಿ ಹಚ್ಚಿಕೊಂಡು ಹೊರಗೆ ಬಂದು ತಿಂಡಿ ತಿಂದಿದಾಳೆ. ಭಾವನಿಗೆ ಗೊತ್ತಿಲ್ಲ. ಅಂಥವಳ ಮುಂದೆ ನಾನು ಹೋಗಿ ನಿಂತು, ಮುಚ್ಚಿಟ್ಟುಕೊಂಡು ಉಣ್ಣೋರು, ಮೇಲೆ ವಿಭೂತಿ, ಒಳಗೆ ಸುಡ್ತಾ ಇದೆ ಅಂತ ಮೈಕಲ್ಲಿ ಹೇಳಿದೀನಿ.

"ನನಗೆ ಗೊತ್ತಿರ್ಲಿಲ್ಲ ಅಕ್ಕ. ನಾನು ಸುಮ್ನೆ ನಿನ್ನ ಮುಖ ನೋಡ್ದೆ. ಅದು ಬರೀ ಉಪಮೆ ಕಣಕ್ಕ."

"ಹಂಗಂದ್ರೆ?"

"ಒಂದನ್ನ ಇನ್ನೊಂದಕ್ಕೆ ಹೋಲ್ಸೋದು. ಶಿವನ ಕೋಪ ಉಪಮೇಯ, ಮೋಟಾರು ಉಪಮಾನ..."

"ಎರಡು ಫೇಸಲ್ಲಿ ಮೋಟಾರು ಸುಡೋದು ಸುಳ್ಳಾ?"

"ಸುಳ್ಳಲ್ಲ. ಅದು ನಿಜ."

"ಶಿವನಿಗೆ ಕೋಪ ಬರೋದು?"

"ಅದೂ ಪುರಾಣದಲ್ಲಿ ಐತಲ್ಲ."

"ಎರಡೂ ನಿಜ ಆದ್ಮೇಲೆ ಇನ್ನೇನೋ ಉಳೀತು ಸುಳ್ಳಾಗೋಕೆ."

ನಾನು ಬೇರೆ ದಾರಿ ಹಿಡಿದೆ. ನೋಡಕ್ಕ, ಸುಟ್ಟ ಮೋಟಾರನ್ನ ಯಾರೂ ಬಿಸಾಕಲ್ಲ, ಎತ್ತಿ ತರ್ತಾರೆ, ನಾನು ಹೊಸ ತಂತಿ ಸುತ್ತಿ ಕೊಡ್ತೀನಿ, ಹಾಗೇ ಶಿವ ಕೂಡ ನಮ್ಮನ್ನ ಎತ್ತಿ...

"ಸಾಕು ಸುಮ್ನಿರೋ. ನೀನು ಮೋಟಾರು ಇಳಿಸಿದ್ದೂ ಸಾಕು, ಎತ್ತಿದ್ದೂ ಸಾಕು."

ಬೇರೆ ಗತಿ ಇಲ್ಲದೆ ಬುದ್ಯೋರ ಕರು, ಕೆಚ್ಚಲು ತೆಗೆದೆ. ನಾನು ಏಳು ನಂಬರ್ ಕೊಟ್ಟಿದ್ನಲ್ಲ, ಅದು. ಅಕ್ಕ ಪೂರ್ತಿ ಕೇಳಿದ್ಲು. ಕೇಳಿ, "ಬುದ್ಯೋರು ಹೇಳ್ದಾಗ ಹಾಲು ಕಾಣ್ತಿತ್ತು. ನೀನು ಹೇಳಿದ್ರೆ ಹಸು ಒದ್ದಿದ್ದೊಂದೇ ಕಾಣ್ತದೆ" ಅಂದ್ಲು.

ಕೊನೆಗೆ ನಾನು ಉಪಮೆ, ರೂಪಕ ಎಲ್ಲ ಬಿಟ್ಟು, "ನಾಳೆ ಮಠಕ್ಕೆ ಹೋಗಣ, ಬುದ್ಯೋರ ಹತ್ರ ಬೇರೆ ಲಿಂಗ ಕೇಳಣ" ಅಂದೆ. ಅದು ಅವಳಿಗೂ ಗೊತ್ತಿತ್ತು. ಎರಡು ತಿಂಗಳಲ್ಲಿ ಮೂರು ಸಲ ಅದಕ್ಕೇ ಅಂತ ಅಜ್ಜಂಪುರದ ತನಕ ಹೋಗಿ, ಬಸ್ ಸ್ಟ್ಯಾಂಡಿಂದಾನೇ ವಾಪಸ್ ಬಂದಿದ್ಲು. ನನ್ನ ಭಾಷಣ ಆದ್ಮೇಲಂತೂ, ಆಗಲೇ ಸುಟ್ಟಿರೋದಕ್ಕೆ ಇನ್ನೇನು ಅಂತ ಮನಸ್ಸಲ್ಲಿ ಕೂತುಬಿಟ್ಟಿತ್ತು. ಅವಳು ಮೊರ ಪಕ್ಕಕ್ಕಿಟ್ಟು ಒಂದು ಷರತ್ತು ಹಾಕಿದ್ಲು.

"ಬತ್ತೀನಿ. ನೀನು ಅವತ್ತು ಹೇಳಿದ್ದನ್ನ ಬುದ್ಯೋರ ಮುಂದೆ ಇನ್ನೊಂದ್ಸಲ ಹೇಳ್ಬೇಕು. ಒಂದಕ್ಷರ ಬಿಡಬಾರದು. ಅದು ನಿಜ ಅಂತ ಅವರಂದ್ರೆ ನಂಗೆ ಲಿಂಗ ಬೇಡ, ಊಟಾನೂ ಬೇಡ. ಅಲ್ಲ ಅಂದ್ರೆ ತಗೋತೀನಿ."

ಒಪ್ಪಿಕೊಂಡೆ. ಒಪ್ಪಿಕೊಂಡು ರಾತ್ರಿ ಮಲಗಿದಾಗ, ಬುದ್ಯೋರು ನನ್ನ ಮಾತು ಕೇಳಿ ತಲೆದೂಗಿಬಿಟ್ರೆ ಅಂತ ಒಂದು ಆಸೆ ಬಂತು ನೋಡಿ. ತಲೆದೂಗಿದ್ರೆ ಅಕ್ಕ ಸಾಯ್ತಾಳೆ ಅನ್ನೋದು ಆಮೇಲೆ ನೆನಪಾಯ್ತು. ಅಂಥ ತಮ್ಮ ನಾನು.

ಬುಧವಾರ ಬೆಳಗ್ಗೆ ಏಳಕ್ಕೆ ಮಠದಲ್ಲಿದ್ವಿ. ಬುದ್ಯೋರಿಗೆ ಗಂಟಲು ಅರ್ಧ ಬಿಟ್ಟಿತ್ತು. ಜೀರಿಗೆ ನೀರು ಇಟ್ಕೊಂಡು ಕೂತಿದ್ರು. ಅಕ್ಕ ಕಾಲಿಗೆ ಬಿದ್ದವಳು ಏಳಲೇ ಇಲ್ಲ. ಬಿದ್ದ ಹಾಗೇ ಎಲ್ಲಾನೂ ಹೇಳಿದ್ಲು, ಓಲೆ ವಿಷಯಾನೂ ಬಿಡದೆ. ಆಮೇಲೆ ಎದ್ದು ಕೂತು, "ಹೇಳೋ" ಅಂದ್ಲು ನನಗೆ.

ನಾನು ನಿಂತ್ಕೊಂಡು ಶುರು ಮಾಡ್ದೆ. ಇನ್ನೂರು ಜನ, ಮೈಕು ಇದ್ದಾಗ ಅಷ್ಟು ಚೆನ್ನಾಗಿದ್ದ ಮಾತು ಮೂರು ಜನರ ಕೋಣೇಲಿ ಎಷ್ಟು ಕೆಟ್ಟದಾಗಿ ಕೇಳುತ್ತೆ ಅಂತ ನನಗೆ ಗೊತ್ತಿರಲಿಲ್ಲ. "ತಂದೆತಾಯಿಗಳೇ" ಅನ್ನೋ ಕಡೆ ನಿಲ್ಲಿಸ್ದೆ. ಅಕ್ಕ, "ಅದೂ ಹೇಳಿದ್ದೆ" ಅಂದ್ಲು. ಬುದ್ಯೋರ ಮುಖ ನೋಡ್ಕೊಂಡು ತಂದೆತಾಯಿಗಳೇ ಅಂದೆ. ಪೊರೆ ಕರಗೋ ಮಾತು ಬಂತು. "ಎರಡು ಸಲ," ಅಂದ್ಲು. ಎರಡು ಸಲ ಹೇಳ್ದೆ.

ಬುದ್ಯೋರು ಕಣ್ಣು ಮುಚ್ಚಿ ಕೇಳ್ತಿದ್ರು. ಮುಗಿದ ಮೇಲೆ ಕಣ್ಣು ಬಿಟ್ಟು, "ಹೊರಗೆ ಗೊತ್ತೇ ಆಗಲ್ವೇನಪ್ಪಾ" ಅಂದ್ರು, ಒಡಕು ದನೀಲಿ.

"ಆಗಲ್ಲ ಬುದ್ಧಿ."

"ಮಠದ ತೋಟದ ಮೋಟಾರು ಹೋದ ವರ್ಷ ಹೋಗಿದ್ದು ಹಿಂಗೇನಾ?"

"ಹೌದು ಬುದ್ಧಿ. ನಾನೇ ಸುತ್ತಿಕೊಟ್ಟಿದ್ದು."

"ಮತ್ತೆ ಹಂಗಾಗದೇ ಇರೋಕೆ ಏನ್ ಮಾಡ್ಬೇಕು?"

"ಸ್ಟಾರ್ಟರ್‌ಗೆ ಒಂದು ಪ್ರಿವೆಂಟರ್ ಹಾಕ್ಬೇಕು ಬುದ್ಧಿ. ಒಂದು ಫೇಸ್ ಹೋದ ತಕ್ಷಣ ಮೋಟಾರು ಆಫ್ ಮಾಡುತ್ತೆ."

"ಹಾಕ್ಕೊಡು," ಅಂದ್ರು. ಜೀರಿಗೆ ನೀರು ಕುಡಿದ್ರು.

ಅಕ್ಕನಿಗೆ ತಡೆಯೋಕಾಗ್ಲಿಲ್ಲ. "ಬುದ್ಧಿ, ಇವನು ಹೇಳಿದ್ದು ನಿಜಾನಾ?"

"ಮೋಟಾರಿಂದು ನಿಜ ತಾಯಿ. ಇವನು ಸಾವಿರ ಮೋಟಾರು ಬಿಚ್ಚಿರ್ತಾನೆ. ಶಿವನ್ನ ಬಿಚ್ಚಿ ನೋಡಿಲ್ಲ." ಲೋಟ ಕೆಳಗಿಟ್ಟು, "ನಾನೂ ನೋಡಿಲ್ಲ. ನಮ್ಮನೇಲಿ ಹಸು ಇದ್ವು, ನಾನು ಹಸು ಅಂತೀನಿ. ಇವನಂಗಡೀಲಿ ಮೋಟಾರು ಐತೆ" ಅಂದ್ರು.

"ಹಂಗಾದ್ರೆ ಶಿವನಿಗೆ ನನ್ನ ಮೇಲೆ ಕೋಪ ಇಲ್ವಾ ಬುದ್ಧಿ?"

"ಅದು ನಂಗೊತ್ತಿಲ್ಲಮ್ಮ. ನಿನ್ನ ಅಂಗೈ ಖಾಲಿ ಐತೆ ಅನ್ನೋದು ಗೊತ್ತು. ಅದಕ್ಕೆ ಏನ್ ಮಾಡಬೇಕು ಅನ್ನೋದು ಗೊತ್ತು."

ಎದ್ದು ಹೋಗಿ ಗೋಡೆ ಬೀರು ತೆಗೆದ್ರು. ಒಳಗೆ ಮಠದ ರಸೀದಿ ಪುಸ್ತಕ, ಅವರ ಮಾತ್ರೆ, ಒಂದು ಟಾರ್ಚು. ಅದರ ಹಿಂದಿಂದ ಮರದ ಪೆಟ್ಟಿಗೆ ತೆಗೆದ್ರು. ಅದರಲ್ಲಿ ಸಾಲಾಗಿ ಹತ್ತಿ ಮೇಲೆ ಲಿಂಗಗಳು. ಅಕ್ಕ ಕಣ್ಣರಳಿಸಿ ನೋಡಿದ್ಲು.

"ಇಷ್ಟೊಂದಾ ಬುದ್ಧಿ?"

"ಬಸ್ಸಲ್ಲಿ, ಬಚ್ಚಲಲ್ಲಿ, ಮದುವೆ ಮನೇಲಿ ಕಳ್ಕೊಂಡು ತಿಂಗಳಿಗೆ ಒಬ್ರು ಇಬ್ರು ಬತ್ತಾರೆ. ಎಲ್ಲಾರೂ ನಿನ್ನಂಗೇ ಬಾಗಿಲ ಹತ್ರ ಬಂದು ಅಳ್ತಾರೆ. ನೀನು ಸ್ವಲ್ಪ ತಡ ಮಾಡ್ದೆ, ಅಷ್ಟೇ."

ಆಮೇಲೆ ವಿಧಿ ಏನಿದೆಯೋ ಅದು ನಡೀತು. ಅಕ್ಕ ಎಡಗೈ ಚಾಚಿದ್ಲು. ಬುದ್ಯೋರು ಕೆಳಗಿಂದ ತಮ್ಮ ಕೈ ಆನಿಸಿ ಹಿಡಿದ್ರು. ಲಿಂಗ ಇಟ್ರು. ನೀರು ಹಾಕಿದಾಗ ಅದು ಅವಳ ಮೊಣಕೈ ತನಕ ಇಳೀತು. ನನಗೆ ಆ ಹೊತ್ತಿಗೆ ಯಾವ ಹೋಲಿಕೇನೂ ಹೊಳೀಲಿಲ್ಲ. ನೋಟ್‌ಬುಕ್ ಚೀಲದಲ್ಲೇ ಇತ್ತು.

ಪೂಜೆ ಮುಗಿಸಿ ಅಕ್ಕ ಹೊಸ ಲಿಂಗಾನ ಕರಡಿಗೇಲಿಟ್ಟು ಮುಚ್ಚಿದ್ಲು. ಮತ್ತೆ ತೆಗೆದು ನೋಡಿದ್ಲು. ಮತ್ತೆ ಮುಚ್ಚಿದ್ಲು. ಆಮೇಲೆ ನಾವಿಬ್ರೂ ಊಟದ ಮನೇಲಿ ಪಂಕ್ತಿಗೆ ಕೂತ್ವಿ. ಎಲೆಗೆ ಬಿಸಿ ಉಪ್ಪಿಟ್ಟು ಬಿತ್ತು. ನಾನು ಕೈ ಹಾಕ್ಬೇಕು, ಅಷ್ಟರಲ್ಲಿ ಅಕ್ಕ ನನ್ನ ಕತ್ತನ್ನೇ ನೋಡ್ತಿದ್ಲು. ಶರಟಿನ ಮೇಲಿನ ಗುಂಡಿ ಹಾಕಿರಲಿಲ್ಲ ನಾನು.

"ನಿಂದೆಲ್ಲೋ?"

ಇಲ್ಲೀತನಕ ಇದನ್ನ ಹೇಳದೆ ತಪ್ಪಿಸ್ಕೊಂಡು ಬಂದೆ. ಈಗ ಹೇಳ್ಲೇಬೇಕು. ನನ್ನ ಲಿಂಗ ಮನೇಲಿ ಬೀರುವಿನಲ್ಲಿತ್ತು.

"ಬೀರುವಲ್ಲೈತೆ."

"ಯಾವಾಗಿಂದ?"

"ಅಂಗಡಿ ಹಾಕಿದಾಗಿಂದ. ವೈಂಡಿಂಗ್ ಮೆಷಿನ್ನಿಗೆ ದಾರ ಸಿಗಾಕ್ಕೊಳ್ಳುತ್ತೆ ಅಂತ ಬಿಚ್ಚಿಟ್ಟೆ."

"ಅಂಗಡಿ ಹಾಕಿ ಹದಿನೆಂಟು ವರ್ಷ ಆಯ್ತಲ್ಲೋ."

"ಹೂಂ."

ಅಕ್ಕ ಬಯ್ಯಲಿಲ್ಲ. ಬಯ್ದಿದ್ರೆ ಚೆನ್ನಾಗಿತ್ತು. ನನ್ನೆಲೆ ಮೇಲೆ ನಾನಿನ್ನೂ ಮುಟ್ಟದೆ ಇದ್ದ ಉಪ್ಪಿಟ್ಟನ್ನ ಎರಡೂ ಕೈಲಿ ಬಾಚಿ ತನ್ನೆಲೆಗೆ ಹಾಕ್ಕೊಂಡ್ಲು. ಬಡಿಸೋನು ಇನ್ನೊಂದು ಸುತ್ತು ಬಂದಾಗ, "ಇವನಿಗೆ ಬೇಡ ಕಣಪ್ಪ, ಇವನದ್ದು ಪೂಜೆ ಆಗಿಲ್ಲ" ಅಂದ್ಲು. ಆಮೇಲೆ ತಲೆ ಎತ್ತದೆ ತಿಂದ್ಲು. ಅವಳದ್ದನ್ನ ತಿಂದ್ಲು, ನನ್ನದನ್ನ ತಿಂದ್ಲು, ಮತ್ತೆ ಹಾಕಿಸ್ಕೊಂಡು ತಿಂದ್ಲು. ಒಂಬತ್ತು ದಿನದ ಹಸಿವು. ಪಕ್ಕದಲ್ಲಿ ಖಾಲಿ ಎಲೆ ಮುಂದೆ ಕೂತು ನೋಡಿದೆ.

ಅವಳನ್ನ ತರೀಕೆರೆ ಬಸ್ಸು ಹತ್ತಿಸಿ, ಬೈಕಲ್ಲಿ ಕಡೂರಿಗೆ ಬಂದೆ. ದಾರೀಲಿ ಎಷ್ಟು ಹೋಟೆಲ್ ಇದಾವೆ ಅನ್ನೋದು ಅವತ್ತು ಗೊತ್ತಾಯ್ತು. ಮನೆಗೆ ಬಂದು ಬೀರು ಬಾಗಿಲು ತೆಗೆದು, ಹೆಂಡತಿಯ ಸೀರೆಗಳ ಕೆಳಗೆ ಕೈ ಹಾಕಿ ತಡಕಾಡಿದೆ. ಅವಳು ಅಡುಗೆ ಮನೆಯಿಂದ ಬಂದು ಹಿಂದೆ ನಿಂತ್ಲು.

"ಏನ್ರೀ ಹುಡುಕ್ತಿರೋದು ಅಲ್ಲಿ?"

"ತಿಂಡಿ," ಅಂದೆ.

ಅವಳು ನನ್ನ ಮುಖ ನೋಡಿದ್ಲು, ಬೀರು ನೋಡಿದ್ಲು. ನನ್ನನ್ನ ಪಕ್ಕಕ್ಕೆ ಸರಿಸಿ, ಕೆಳಗಿನ ಖಾನೆಯ ಮೂಲೆಯಿಂದ ಕರಡಿಗೆ ತೆಗೆದ್ಲು. ಅದನ್ನ ಕೈಗೆ ಕೊಡದೆ, "ಹೋಗಿ ಸ್ನಾನ ಮಾಡ್ಕೊಂಡ್ ಬನ್ನಿ ಮೊದ್ಲು. ದಾರ ಹೊಸದು ಹಾಕಿಟ್ಟಿರ್ತೀನಿ" ಅಂದ್ಲು.